ಸ್ಪಷ್ಟನೆ: ಕಡಲ ನೀರು ಸುರಿದರೆ ಹವಳದ ಅಕ್ವೇರಿಯಂ ಶುದ್ಧವಾಗುವುದಿಲ್ಲ

'ಕಾರವಾರದವರಿಗೆ ಕಡಲು ಪಕ್ಕದಲ್ಲೇ ಇದೆ, ವಾರಕ್ಕೆರಡು ಕ್ಯಾನ್ ನೀರು ತಂದು ಹವಳದ ಅಕ್ವೇರಿಯಂಗೆ ಸುರಿಯಿರಿ. ನೀರಿನ ಕಸ ತೆಗೆಯುವ ಸ್ಕಿಮ್ಮರೂ ಬೇಡ, ಟೆಸ್ಟ್ ಕಿಟ್ಟೂ ಬೇಡ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ದಯವಿಟ್ಟು ನಂಬಬೇಡಿ. ಮಳೆಗಾಲದಲ್ಲಂತೂ ಇದು ಹವಳಕ್ಕೆ ಮಾರಕ.

ಹವಳಕ್ಕೆ ಪ್ರತಿ ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಬೇಕು. ಮಳೆ ಹಿಡಿದ ಮೇಲೆ ಕಾಳಿ ನದಿ ಕೋಡಿಬಾಗದ ಬಳಿ ಸಿಹಿನೀರು, ಕೆಸರು ಎರಡನ್ನೂ ಕಡಲಿಗೆ ತಳ್ಳುತ್ತದೆ. ದಡದ ನೀರಿನ ಉಪ್ಪು ಇಳಿಯುತ್ತದೆ. ಆ ನೀರನ್ನು ಕ್ಯಾನಿನಲ್ಲಿ ಮುಚ್ಚಿಟ್ಟರೆ ಅದರೊಳಗಿನ ಸೂಕ್ಷ್ಮಜೀವಿಗಳು ಸತ್ತು ಕೊಳೆತು ವಿಷಕಾರಿ ಅಮೋನಿಯಾ ಏರುತ್ತದೆ.

ಮೀನಿನ ಹಿಕ್ಕೆ, ಉಳಿದ ಆಹಾರ ಮೊದಲು ಅಮೋನಿಯಾ, ನಂತರ ನೈಟ್ರೈಟ್, ಕೊನೆಗೆ ನೈಟ್ರೇಟ್ ಆಗುತ್ತವೆ. ಹೀಗೆ ಕೊಳೆಯುವ ಮೊದಲೇ ಕಸವನ್ನು ನೊರೆಯೊಂದಿಗೆ ಎತ್ತಿ ಹೊರಹಾಕುವುದು ಸ್ಕಿಮ್ಮರ್. ಅದರಲ್ಲಿ ನೊರೆ ಸೇರುವ ಬಟ್ಟಲಿನ ಕುತ್ತಿಗೆಗೆ ಕಂದು ಜಿಡ್ಡು ಅಂಟಿದರೆ ನೊರೆ ಸರಿಯಾಗಿ ಮೇಲೇರುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ ಒರೆಸಲೇಬೇಕು. ಹೆಚ್ಚಿನವರು ಸೋಲುವುದು ಇಲ್ಲೇ.

200 ಲೀಟರ್ ತೊಟ್ಟಿಯಾದರೆ ವಾರಕ್ಕೆ 20 ಲೀಟರ್ ಬದಲಿಸಿ. ಅಷ್ಟು ಆರ್‌ಓ ನೀರಿಗೆ ರೀಫ್ ಉಪ್ಪು (ಹವಳದ ಅಕ್ವೇರಿಯಂಗೆಂದೇ ಮಾಡಿದ ಉಪ್ಪು) ಸುಮಾರು 750 ಗ್ರಾಂ ಹಾಕಿ, ಪಂಪಿನಿಂದ ಚೆನ್ನಾಗಿ ಕದಡಿ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಸಾಪೇಕ್ಷ ಸಾಂದ್ರತೆ 1.025–1.026 ಇರುವಂತೆ ನೋಡಿಕೊಳ್ಳಿ. ಅಡುಗೆ ಉಪ್ಪು ಬೇಡವೇ ಬೇಡ. ನೈಟ್ರೇಟ್ 10 ಪಿಪಿಎಂ (ಹತ್ತು ಲಕ್ಷಕ್ಕೆ 10 ಭಾಗ) ಒಳಗಿರಲಿ, ಅಮೋನಿಯಾ ಸೊನ್ನೆ. ಅಮೋನಿಯಾ ಕಾಣಿಸಿದರೆ ಆಹಾರ ನಿಲ್ಲಿಸಿ, ಕಲ್ಲಿನ ಹಿಂದೆ ಸತ್ತ ಮೀನೋ ಬಸವನಹುಳುವೋ ಇದೆಯೇ ಹುಡುಕಿ, ಅಂದೇ 50 ಲೀಟರ್ ಬದಲಿಸಿ.