ಕೈಯಲ್ಲೇ ಬಿಡಿಸಿದ್ದು, ಯಾರ ಕೈ ಅಂತ ಮಾತ್ರ ಕೇಳಬೇಡಿ

ಆ ವಿಡಿಯೋ ನೀವೂ ನೋಡಿರುತ್ತೀರಿ. ಈಗ ಎಲ್ಲರ ಫೋನಿಗೂ ಅದೇ ಬರುತ್ತದೆ. ಬಿಳಿ ಲಿನನ್ ಅಂಗಿ ತೊಟ್ಟವರೊಬ್ಬರು ಈಜುಕೊಳದ ಅಂಚಿನಲ್ಲಿ ಬರಿಗಾಲಲ್ಲಿ ನಿಧಾನಕ್ಕೆ ನಡೆಯುತ್ತಾರೆ. ಕ್ಯಾಮೆರಾ ಕೆಳಗಿಳಿದರೆ ನೀಲಿ ಬಳ್ಳಿ, ಹಳದಿ ನಿಂಬೆಹಣ್ಣು, ಮತ್ತೆ ನೀಲಿ ಬಳ್ಳಿ. ಹಿಂದೆ ಎಲ್ಲೋ ಗಿಟಾರ್. ಕೊನೆಯಲ್ಲಿ ಒಂದು ಸಾಲು: ಅಪ್ಪಟ ಮೆಡಿಟರೇನಿಯನ್, ಪ್ರತಿಯೊಂದು ಟೈಲೂ ಕೈಯಿಂದಲೇ ಬಿಡಿಸಿದ್ದು, ಒಂದರ ಹಾಗೆ ಇನ್ನೊಂದಿಲ್ಲ.

ಅಲ್ಲೇ ನಿಲ್ಲಿಸಿ ನೋಡಿ. ಮೂರನೇ ನಿಂಬೆಹಣ್ಣಿನ ಎಡಗಡೆ ಎಲೆಯಿಂದ ಬಣ್ಣ ಒಂಚೂರು ಹೊರಗೆ ಹರಿದಿದೆ. ಪಾಪ, ಕುಂಚ ಜಾರಿರಬೇಕು. ಹನ್ನೊಂದನೇ ನಿಂಬೆಯಲ್ಲೂ ಅಲ್ಲೇ ಜಾರಿದೆ. ಹತ್ತೊಂಬತ್ತನೆಯದರಲ್ಲೂ ಅಲ್ಲೇ. ಎಂಥ ಶಿಸ್ತಿನ ಕೈ ನೋಡಿ! ತಪ್ಪು ಮಾಡುವುದಕ್ಕೂ ಟೈಮ್‌ಟೇಬಲ್ ಇಟ್ಟುಕೊಂಡಿದೆ.

ಗುಟ್ಟು ಏನೂ ಇಲ್ಲ. ಎಲ್ಲೋ ಯಾರೋ ಒಬ್ಬರು ಕೂತು ಎಂಟು ಬಿಲ್ಲೆಗಳ ಮೇಲೆ ಬಳ್ಳಿ ಬರೆದರು. ಅದನ್ನು ಸ್ಕ್ಯಾನ್ ಮಾಡಿಕೊಂಡರು. ಆಮೇಲೆ ಬೆಲ್ಟಿನ ಮೇಲೆ ಟೈಲ್ ಸಾಗುತ್ತಲೇ ಇರುತ್ತದೆ, ಮೇಲಿಂದ ಇಂಕ್‌ಜೆಟ್ ಬಣ್ಣ ಚಿಮ್ಮುತ್ತಲೇ ಇರುತ್ತದೆ. ಒಂದು ವಿನ್ಯಾಸಕ್ಕೆ ಎಷ್ಟು ಬೇರೆ ಬೇರೆ ಚಿತ್ರ ಇದೆ ಅನ್ನುವುದಕ್ಕೆ ಕಾರ್ಖಾನೆಯವರು ‘ಫೇಸ್’ ಅನ್ನುತ್ತಾರೆ. ಎಂಟು ಫೇಸ್ ಇದ್ದರೆ ಎಂಟು ಥರದ ತಪ್ಪು. ಒಂಬತ್ತನೇ ತಪ್ಪು ಬೇಕಾದರೆ ದುಬಾರಿ ಸರಣಿ ಕೊಳ್ಳಬೇಕು. ಟೈಲ್ ಕೂರಿಸುವವರಿಗೂ ಸೂಚನೆ ಇರುತ್ತದೆ: ನಾಲ್ಕೈದು ಪೆಟ್ಟಿಗೆ ಒಟ್ಟಿಗೆ ಬಿಚ್ಚಿ, ಕಲಸಿ, ಆಮೇಲೆ ಅಂಟಿಸಿ. ಕಳ್ಳ ಪಕ್ಕಪಕ್ಕದಲ್ಲಿ ಸಿಕ್ಕಿಬೀಳಬಾರದು, ಅಲ್ವಾ?

ಇನ್ನೂ ಒಂದು ತಮಾಷೆ ಇದೆ. ಈ ಪ್ರಿಂಟರ್ ಟೈಲ್ ಉದ್ಯಮಕ್ಕೆ ಬಂದದ್ದು 2000ರ ಹೊತ್ತಿಗೆ. ಎಲ್ಲಿಂದ? ಸ್ಪೇನಿನ ಕಸ್ತೆಯೋನ್ ಪ್ರಾಂತ್ಯದಿಂದ. ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲೇ ಇರುವ ಜಾಗ ಅದು. ಕುಂಚ ಹಿಡಿದ ಕೈಯನ್ನು ಮನೆಗೆ ಕಳಿಸಿದ ಯಂತ್ರವೂ ಅಪ್ಪಟ ಮೆಡಿಟರೇನಿಯನ್ನೇ. ಆ ಮಟ್ಟಿಗೆ ಜಾಹೀರಾತಿನವರು ಸುಳ್ಳು ಹೇಳುತ್ತಿಲ್ಲ.

ಯಂತ್ರದ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಗೆರೆ ನೇರ ಬರುತ್ತದೆ, ಬೆಲೆ ಇಳಿಯುತ್ತದೆ, ಒಡೆದರೆ ಇನ್ನೊಂದು ಸಿಗುತ್ತದೆ. ನೇರ ಗೆರೆ ಎಳೆಯಬಲ್ಲ ಯಂತ್ರಕ್ಕೆ ಕುಡಿದವರ ಹಾಗೆ ಗೆರೆ ಎಳೆಯಲು ತರಬೇತಿ ಕೊಡುತ್ತಾರಲ್ಲ, ನನಗೆ ಅರ್ಥವಾಗದಿರುವುದು ಅದು. ಮುಂದಿನ ವರ್ಷ ಆರ್ಡರ್ ಫಾರಮ್ಮಿನಲ್ಲಿ ಒಂದು ಕಾಲಂ ಬರಬಹುದು: ಕೈನಡುಕ ಎಷ್ಟಿರಲಿ? ಕಡಿಮೆ, ಮಧ್ಯಮ, ಅಜ್ಜನ ಕಾಲದ್ದು.

ನಿಜವಾದ ಕೆಲಸ ಹೇಗಿರುತ್ತದೆ ಅಂತ ಹೇಳುತ್ತೇನೆ. ಜೇಡಿಮಣ್ಣಿನ ಬಿಲ್ಲೆಯನ್ನು ಒಮ್ಮೆ ಸುಡುತ್ತಾರೆ. ತವರದ ಆಕ್ಸೈಡ್ ಬೆರೆಸಿದ ಬಿಳಿ ಗ್ಲೇಝನ್ನು, ಅಂದರೆ ಸುಟ್ಟರೆ ಗಾಜಿನಂತಾಗುವ ಲೇಪವನ್ನು, ಅದರ ಮೇಲೆ ಹುಯ್ಯುತ್ತಾರೆ. ಅದು ಒಣಗಿ ಪುಡಿಪುಡಿಯಾಗಿ ಕೂರುತ್ತದೆ. ಅದರ ಮೇಲೆಯೇ ಬರೆಯಬೇಕು. ಕುಂಚ ತಗಲಿದ್ದೇ ತಡ, ಹೀರುಕಾಗದದ ಹಾಗೆ ಬಣ್ಣವನ್ನು ಎಳೆದುಕೊಳ್ಳುತ್ತದೆ. ಅಳಿಸೋಣ ಅಂದರೆ ಆಗುವುದಿಲ್ಲ. ತಿದ್ದೋಣ ಅಂದರೆ ಇನ್ನೂ ಕೆಡುತ್ತದೆ. ಕೈ ಒಂದು ಗಳಿಗೆ ನಿಂತರೆ ಅಲ್ಲೊಂದು ಮಚ್ಚೆ. ಸಾಲದ್ದಕ್ಕೆ ಬಣ್ಣ ಆಗಿನ್ನೂ ಬಣ್ಣವಾಗಿರುವುದಿಲ್ಲ. ಕೋಬಾಲ್ಟ್ ಆಕ್ಸೈಡ್ ಕಪ್ಪಗೆ ಇರುತ್ತದೆ, ಸುಮಾರು 1000 ಡಿಗ್ರಿಯ ಬೆಂಕಿ ಕಂಡ ಮೇಲೆಯೇ ಅದು ನೀಲಿ. ಬರೆಯುವವರು ಕಪ್ಪು ನೋಡುತ್ತ ನೀಲಿ ಊಹಿಸುತ್ತಾರೆ. ಸುಡುವ ಗೂಡು ಬಿಚ್ಚುವ ತನಕ ಏನಾಯಿತು ಅಂತ ಅವರಿಗೂ ಗೊತ್ತಿಲ್ಲ.

ಇಷ್ಟೆಲ್ಲ ಕಷ್ಟದಲ್ಲಿ ಆ ಜನ ಬಯಸಿದ್ದೇನು? ಎರಡು ಬಳ್ಳಿ ಒಂದೇ ಥರ ಬರಲಿ ಅಂತ. ಅದಕ್ಕೇ ಕಾಗದದ ಮೇಲೆ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಬಟ್ಟೆಯಲ್ಲಿ ಇದ್ದಿಲ ಪುಡಿ ಕಟ್ಟಿ, ಬಿಲ್ಲೆಯ ಮೇಲೆ ತಟ್ಟಿ, ಚುಕ್ಕಿ ಮೂಡಿಸಿಕೊಂಡು ಬರೆಯುತ್ತಿದ್ದರು. ಜೀವಮಾನವಿಡೀ ಅಭ್ಯಾಸ ಮಾಡಿದ್ದು ವ್ಯತ್ಯಾಸ ಕಡಿಮೆ ಮಾಡುವುದಕ್ಕೆ. ಅವರ ಕೈ ಮೀರಿ ಉಳಿದುಬಿಟ್ಟ ಒಂದಿಷ್ಟು ಏರುಪೇರನ್ನು ನಾವು ‘ಆತ್ಮ’ ಅಂತ ಕರೆದು, ಅದನ್ನೇ ಚದರಡಿ ಲೆಕ್ಕದಲ್ಲಿ ಕೊಳ್ಳುತ್ತೇವೆ.

ಹಾಗಂತ ನಿಜವಾದ ಏರುಪೇರು ಮನೆಗೆ ಬಂದರೆ ಸಂತೋಷವೇ? ಉಹೂಂ. ನಿಜಕ್ಕೂ ಕೈಯಲ್ಲಿ ಬರೆದು ಮಾರುವವರ ಕರಪತ್ರ ಓದಿ. ಮೊದಲ ಅರ್ಧ ಹೊಗಳಿಕೆ, ಉಳಿದದ್ದೆಲ್ಲ ನಿರೀಕ್ಷಣಾ ಜಾಮೀನು. ಬಣ್ಣದಲ್ಲಿ ವ್ಯತ್ಯಾಸ ಇರುತ್ತದೆ, ಅಳತೆಯಲ್ಲಿ ಇರುತ್ತದೆ, ಅಂಚು ಸೊಟ್ಟ ಇರಬಹುದು, ಕೂದಲೆಳೆಯ ಬಿರುಕು ಕಾಣಬಹುದು, ಇವು ದೋಷಗಳಲ್ಲ, ದಯವಿಟ್ಟು ವಾಪಸ್ ಕಳಿಸಬೇಡಿ. ಸುಮ್ನೆ ಯಾರೂ ಇಷ್ಟುದ್ದ ಬರೆಯುವುದಿಲ್ಲ. ವಾಪಸ್ ಕಳಿಸುವವರಿದ್ದಾರೆ ಅಂತಲೇ ಬರೆಯುವುದು. ಎಂಟು ಥರದ ಏರುಪೇರು ಸೊಗಸು. ಎಂಟುನೂರು ಥರ ಅಂದರೆ ಗ್ರಾಹಕರ ವೇದಿಕೆಗೆ ದೂರು.

ಅಸಲಿ ಅನ್ನುವ ಮಾತು ಬಂತಲ್ಲ, ಇದರ ವಂಶಾವಳಿ ಒಮ್ಮೆ ಕೆದಕಿದರೆ ಮಜಾ ಇದೆ. ಚೀನಾದಿಂದ ಬರುತ್ತಿದ್ದ ಬಿಳಿ ಪಾತ್ರೆಗಳನ್ನು ನೋಡಿ 9ನೇ ಶತಮಾನದಲ್ಲಿ ಇರಾಕಿನ ಕುಂಬಾರರು ಅದೇ ಥರ ಮಾಡಲು ಹೊರಟರು. ಆ ಮಣ್ಣು ಸಿಗಲಿಲ್ಲ. ಇದ್ದ ಮಣ್ಣಿಗೇ ತವರ ಬೆರೆಸಿದ ಬಿಳಿ ಗ್ಲೇಝ್ ಹಚ್ಚಿದರು. ಅಂದರೆ ಹುಟ್ಟುತ್ತಲೇ ಇದು ನಕಲು. ಆ ವಿದ್ಯೆ ಅರಬರ ಜೊತೆ ಸ್ಪೇನಿಗೆ ಹೋಯಿತು. ಅಲ್ಲಿಂದ ಇಟಲಿಗೆ ಹೋಯಿತು. ಇಟಲಿಯವರೇ ಆದ ನಿಕುಲೋಸೊ ಪಿಸಾನೊ ಸೆವಿಲ್ಲಾಕ್ಕೆ ಬಂದು, ಟೈಲ್ ಮೇಲೆ ಕ್ಯಾನ್ವಾಸಿನ ಹಾಗೆ ಚಿತ್ರ ಬರೆಯುವುದನ್ನು ಸ್ಪೇನಿಗೇ ಕಲಿಸಿಕೊಟ್ಟರು. ಅಲ್ಲಿನ ಅಲ್ಕಾಸರ್ ಅರಮನೆಯಲ್ಲಿ ಅವರು 1504ರಲ್ಲಿ ಮಾಡಿದ ಟೈಲಿನ ಬಲಿಪೀಠ ಈಗಲೂ ಇದೆ. ಇನ್ನು ಪೋರ್ಚುಗಲ್ಲಿನ ಆ ಪ್ರಸಿದ್ಧ ನೀಲಿ ಬಿಳುಪು? ಡಚ್ಚರ ಟೈಲ್ ನೋಡಿ ಹಿಡಿದ ಹುಚ್ಚು. ಡಚ್ಚರಿಗೆ ಆ ಹುಚ್ಚು ಹಿಡಿಸಿದ್ದು ಮತ್ತೆ ಚೀನಾದ ಪಾತ್ರೆಗಳೇ. ಕೊನೆಗೆ ಆ ನಿಂಬೆಹಣ್ಣು. ಅದೂ ಪೂರ್ವದಿಂದ ಪಡುವಣಕ್ಕೆ ವಲಸೆ ಹೋದದ್ದು. ಇಡೀ ಟೈಲಿನಲ್ಲಿ ಮೆಡಿಟರೇನಿಯನ್ನಿನದು ಅನ್ನಬಹುದಾದದ್ದು ಬಿಲ್ಲೆಯ ಮಣ್ಣು ಮಾತ್ರ. ಪ್ರಿಂಟ್ ಮಾಡಿದ್ದಾದರೆ ಅದೂ ಅನುಮಾನ.

ಇಟಲಿಯ ಸಿಸಿಲಿ ದ್ವೀಪದ ಕಾಲ್ತಜಿರೋನೆ ಊರಿನ ಮೆಟ್ಟಿಲು ಗೊತ್ತಲ್ಲ? 142 ಮೆಟ್ಟಿಲು, ಒಂದೊಂದರ ಮುಖಕ್ಕೂ ಒಂದೊಂದು ವಿನ್ಯಾಸದ ಟೈಲ್. ‘ಶತಮಾನಗಳ ಸ್ಫೂರ್ತಿ’ ಅಂತ ಕ್ಯಾಟಲಾಗಿನಲ್ಲಿ ಅದರ ಫೋಟೋ ಹಾಕುತ್ತಾರೆ. ಮೆಟ್ಟಿಲು 1606ರದ್ದು, ನಿಜ. ಟೈಲ್ ಅಂಟಿಸಿದ್ದು 1954ರಲ್ಲಿ. ಚೆನ್ನಾಗಿಯೇ ಇದೆ, ನನ್ನದೇನೂ ತಕರಾರಿಲ್ಲ. ಆದರೆ ಎಪ್ಪತ್ತು ವರ್ಷದ ಸ್ಫೂರ್ತಿಗೆ ಶತಮಾನಗಳ ಬೆಲೆ ಹಾಕುತ್ತಾರೆ.

ಈಜುಕೊಳದ ಕಥೆ ಇನ್ನೂ ಚೆಂದ. ಕೈಯಲ್ಲಿ ಬರೆಯುವ ಈ ಮಣ್ಣಿನ ಬಿಲ್ಲೆ ತನ್ನ ತೂಕದ ಶೇ. 10ಕ್ಕೂ ಜಾಸ್ತಿ ನೀರು ಕುಡಿಯಬಲ್ಲದು. ಈಜುಕೊಳಕ್ಕೆ ಹೇಳುವ ಪಾರ್ಸಿಲೇನ್ ಟೈಲ್ ಶೇ. 0.5 ದಾಟಬಾರದು. ಮುಂದೆ ಗ್ಲೇಝ್ ಇದೆಯಲ್ಲ ಅನ್ನಬಹುದು. ಹಿಂದೆ ಇಲ್ಲ. ಸಂದಿಯಲ್ಲಿ, ಹಿಂಬದಿಯಲ್ಲಿ ನೀರು ಸೇರುತ್ತದೆ. ಮಣ್ಣು ಒಂಚೂರು ಉಬ್ಬುತ್ತದೆ, ಗ್ಲೇಝ್ ಉಬ್ಬುವುದಿಲ್ಲ, ಸಣ್ಣ ಬಿರುಕಿನ ಬಲೆ ಏಳುತ್ತದೆ. ಚಳಿಗೆ ಒಳಗಿನ ನೀರು ಹೆಪ್ಪುಗಟ್ಟುವ ಕಡೆ ನಿಂಬೆಹಣ್ಣು ಸಿಪ್ಪೆ ಸಮೇತ ಉದುರುತ್ತದೆ. ಉಳಿದದ್ದರ ಮೇಲೆ ನೀರಿನ ಗೆರೆಯುದ್ದಕ್ಕೂ ಸುಣ್ಣದ ಪಟ್ಟೆ. ಅದನ್ನು ತೆಗೆಯಲು ಆಸಿಡ್ ಹಾಕಿ ಉಜ್ಜಿದರೆ ಸಂದಿಯ ಸಿಮೆಂಟೂ ಜೊತೆಗೇ ಹೋಗುತ್ತದೆ. ಒಟ್ಟಿನಲ್ಲಿ ನೀರಿಗೆ ತಡೆಯುವುದು ಕೈಬರಹವಲ್ಲದ್ದು. ಕೈಬರಹದ್ದು ಬೇಕೇ ಬೇಕು ಅಂದರೆ ಅದನ್ನು ಗೋಡೆಗೆ ಹಾಕಿ ದೂರದಿಂದ ನೋಡಬೇಕು. ಇದನ್ನು ಯಾವ ವಿಡಿಯೋದಲ್ಲೂ ಹೇಳುವುದಿಲ್ಲ. ಗಿಟಾರ್ ಬಾರಿಸುತ್ತ ಹೇಳುವ ವಿಷಯವೂ ಅಲ್ಲ ಬಿಡಿ.

ಕೊಳದ ತಳದಲ್ಲಿ ಡಾಲ್ಫಿನ್ ಬರೆಸುವವರಿಗೆ ನನ್ನ ವಿಶೇಷ ನಮಸ್ಕಾರ. ಹಳೆಯ ರೋಮನ್ ಊರಾದ ಪಾಂಪೆಯ ಶ್ರೀಮಂತರೂ ಮನೆಯ ನೆಲದಲ್ಲಿ ಆಕ್ಟೋಪಸ್, ಏಡಿಸೀಗಡಿ, ಹಾವುಮೀನು ಕೂರಿಸಿಕೊಂಡಿದ್ದರು, ಬಣ್ಣದ ಚೂರು ಜೋಡಿಸಿ ಮಾಡುವ ಮೊಸಾಯಿಕ್‌ನಲ್ಲಿ. ಅವರ ಆಕ್ಟೋಪಸ್ ನೋಡಿದರೆ ಈಗಲೇ ಎದ್ದು ಹರಿದೀತು ಅನ್ನುವಷ್ಟು ಜೀವಂತ. ನಮ್ಮ ಕಾಲದ ಡಾಲ್ಫಿನ್ ಮಾತ್ರ ಎಲ್ಲ ಕೊಳಗಳಲ್ಲೂ ಒಂದೇ ಕಡೆಗೆ ನಗುತ್ತದೆ. ನೀರು ತುಂಬಿದ ಮೇಲೆ ಬೆಳಕು ಬಾಗಿ ಅದು ಗಿಡ್ಡಗೆ, ದಪ್ಪಗೆ ಕಾಣುತ್ತದೆ.

ನೀರು ತುಂಬಿದರೆ ಅನ್ನಿ. 2024ರ ಫೆಬ್ರವರಿ 1ರಂದು ಸ್ಪೇನಿನ ಕತಲೂನ್ಯಾದಲ್ಲಿ ಬರದ ತುರ್ತುಸ್ಥಿತಿ ಘೋಷಿಸಿದರು. ಜಲಾಶಯಗಳಲ್ಲಿ ಶೇ. 16ರಷ್ಟೂ ನೀರಿರಲಿಲ್ಲ. ತಲೆಗೆ ದಿನಕ್ಕೆ 200 ಲೀಟರ್ ಮಿತಿ, ಈಜುಕೊಳ ತುಂಬಿಸುವುದಕ್ಕೆ ಕಡಿವಾಣ. ಯೊರೆತ್ ದೆ ಮಾರ್ ಎಂಬ ಕಡಲತೀರದ ಊರಿನ ಹೋಟೆಲಿನವರು ಆಗ ಏನು ಯೋಚನೆ ಮಾಡಿದರು ನೆನಪಿದೆಯಾ? ಎಲ್ಲರೂ ಸೇರಿ ಸಮುದ್ರದ ನೀರಿನ ಉಪ್ಪು ತೆಗೆಯುವ ಯಂತ್ರ ತರೋಣ, ಕೊಳಗಳನ್ನು ತುಂಬಿಸೋಣ ಅಂತ. ಸಮುದ್ರ ಎದುರಿಗೇ ಇದೆ. ಅದರ ನೀರನ್ನು ಎತ್ತಿ, ಉಪ್ಪು ತೆಗೆದು, ಗುಂಡಿಗೆ ತುಂಬಿ, ಗುಂಡಿಯ ಗೋಡೆಯ ಮೇಲೆ ಬರೆದ ಸಮುದ್ರವನ್ನು ನೋಡುತ್ತ ಈಜಬೇಕು. ಬೆನ್ನ ಹಿಂದೆ ಅಸಲಿ ಸಮುದ್ರ, ಪುಕ್ಕಟೆ.

ಅದೇ ತಿಂಗಳು ಸೆವಿಲ್ಲಾದ ಮೇಯರ್ ಒಂದು ಪ್ರಸ್ತಾಪ ತಂದರು. 1929ರ ಪ್ರದರ್ಶನಕ್ಕೆಂದು ಕಟ್ಟಿದ, ಟೈಲಿಗೇ ಹೆಸರಾದ ಪ್ಲಾಸಾ ದೆ ಎಸ್ಪಾನ್ಯಾ ಚೌಕಕ್ಕೆ ಪ್ರವಾಸಿಗರಿಂದ ಟಿಕೆಟ್ ಹಣ ತೆಗೆದುಕೊಳ್ಳೋಣ ಅಂತ. ಜೊತೆಗೆ ಅಲ್ಲಲ್ಲಿ ಟೈಲ್ ಕಿತ್ತುಹೋಗಿರುವ ವಿಡಿಯೋ ಹಾಕಿದರು. ಕೇಂದ್ರ ಸರ್ಕಾರ ಬೇಡ ಅಂದಿತು. ಜನ ಟಿಕೆಟ್ ಬಗ್ಗೆ ಜಗಳವಾಡಿದರು. ಕಿತ್ತುಹೋದ ಟೈಲಿನ ಬಗ್ಗೆ ಜಗಳವಾಡಿದವರು ಕಡಿಮೆ.

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ ಇನ್ನೂ ಮುಂದೆ. ಅಲ್ಲಿ ಹಳೆ ಮನೆಗಳ ಗೋಡೆಯಿಂದ ಟೈಲ್ ಕಿತ್ತು ಮಾರುವುದು ಒಂದು ಕಸುಬೇ ಆಯಿತು. 2007ರಲ್ಲಿ ಪೊಲೀಸರ ವಸ್ತುಸಂಗ್ರಹಾಲಯವೇ ಇದರ ವಿರುದ್ಧ ಒಂದು ಯೋಜನೆ ಶುರು ಮಾಡಬೇಕಾಯಿತು. 2013ರಲ್ಲಿ ನಗರಸಭೆ ನಿಯಮ ಮಾಡಿತು, 2017ರಲ್ಲಿ ದೇಶಕ್ಕೇ ಕಾನೂನು ಬಂತು. ಕದ್ದ ಟೈಲ್ ಸಂತೆಯಲ್ಲಿ ಬಿಡಿಬಿಡಿಯಾಗಿ ಪ್ರವಾಸಿಗರ ಕೈಗೆ ಹೋಗುತ್ತದೆ. ಊರಿಗೆ ಒಯ್ದು ಅದರ ಮೇಲೆ ಕಾಫಿ ಲೋಟ ಇಡುತ್ತಾರೆ. ನಾಲ್ಕು ಬಿಲ್ಲೆ ಸೇರಿದರೆ ಪೂರ್ತಿಯಾಗುವ ಹೂವಿನ ಕಾಲು ಭಾಗ ಅದು. ಉಳಿದ ಮುಕ್ಕಾಲು ಇನ್ನು ಮೂರು ದೇಶಗಳಲ್ಲಿ, ಇನ್ನು ಮೂರು ಲೋಟಗಳ ಕೆಳಗೆ. ಅದೇ ಪ್ರವಾಸಿ ಮನೆಯ ಗೋಡೆಗೆ ಆರ್ಡರ್ ಮಾಡುವುದು ಪ್ರಿಂಟ್ ಆದ ಹೂವು. ಅದು ಪೂರ್ತಿ ಸಿಗುತ್ತದೆ.

ಇಲ್ಲಿಯತನಕ ನಗುತ್ತ ಬಂದೆ. ಮುಂದಿನದಕ್ಕೆ ನಗು ಬರುವುದಿಲ್ಲ.

ಇಟಲಿಯ ಮೊಡೆನಾದಲ್ಲಿ ಬರ್ನಾರ್ಡಿನೊ ರಾಮಝಿನಿ ಅಂತ ಒಬ್ಬ ವೈದ್ಯರಿದ್ದರು. ಯಾವ ಕಸುಬಿನವರಿಗೆ ಯಾವ ಕಾಯಿಲೆ ಬರುತ್ತದೆ ಅಂತ ಕೆಲಸದ ಜಾಗಗಳಿಗೇ ಹೋಗಿ ನೋಡಿ, 1700ರಲ್ಲಿ ಪುಸ್ತಕ ಮಾಡಿದರು. ಅದರಲ್ಲಿ ಕುಂಬಾರರ ವಿಷಯವೂ ಇದೆ. ಆಗ ಗ್ಲೇಝಿನಲ್ಲಿ ಸೀಸ ಇರುತ್ತಿತ್ತು. ಅದನ್ನು ಅರೆದು, ಹಚ್ಚಿ, ಅದರ ಪುಡಿ ಕುಡಿದು ಅವರಿಗೆ ಮೊದಲು ಏನಾಗುತ್ತಿತ್ತು ಗೊತ್ತಾ? ಕೈ ನಡುಗಲು ಶುರುವಾಗುತ್ತಿತ್ತು. ಆಮೇಲೆ ಲಕ್ವ. ಆಮೇಲೆ ಹಲ್ಲು ಉದುರುವುದು, ಮುಖ ಸೀಸದ ಬಣ್ಣಕ್ಕೆ ತಿರುಗುವುದು. ಇವತ್ತು ಇಟಲಿಯ ಟೈಲ್ ಉದ್ಯಮದ ರಾಜಧಾನಿ ಅನ್ನಿಸಿಕೊಂಡಿರುವ ಸಾಸ್ಸುವೊಲೊ ಅದೇ ಮೊಡೆನಾ ಪ್ರಾಂತ್ಯದಲ್ಲಿದೆ. ಅಂಥ ಊರುಗಳಲ್ಲಿ ಇವತ್ತು ಪ್ರಿಂಟರುಗಳು ಸಾಲಾಗಿ ನಿಂತು, ಒಂಚೂರು ನಡುಗಿದ ಗೆರೆಯನ್ನು ಕಿಲೋಮೀಟರುಗಟ್ಟಲೆ ಮುದ್ರಿಸುತ್ತವೆ. ಅದಕ್ಕೆ ನಾವು ‘ಬೆಚ್ಚಗಿನ ಅನುಭವ’ ಅನ್ನುತ್ತೇವೆ.

ಸೀಸ ಈಗ ಬಹುಮಟ್ಟಿಗೆ ಇಲ್ಲ, ಒಳ್ಳೆಯದೇ ಆಯಿತು. ಹಾಗಂತ ಬರೆದವರ ಸ್ಥಿತಿ ಏನು ಬದಲಾಗಿದೆ? ಕ್ಯಾಟಲಾಗಿನಲ್ಲಿ ವಿನ್ಯಾಸಕರ ಹೆಸರು ಇರುತ್ತದೆ. ಫೋಟೋ ತೆಗೆದವರದ್ದು ಇರುತ್ತದೆ. ಲಿನನ್ ಅಂಗಿಯ ಬ್ರ್ಯಾಂಡ್ ಕೂಡ ಇರುತ್ತದೆ. ಆ ಮೊದಲ ಎಂಟು ಬಿಲ್ಲೆ ಬರೆದವರು ಯಾರು? ಆ ಎಲೆಯ ಹತ್ತಿರ ಯಾರ ಕುಂಚ ಜಾರಿತು? ಒಂದು ಸಲ ಕೂಲಿ ಕೊಟ್ಟು, ಕೈಯ ಫೋಟೋ ತೆಗೆದುಕೊಂಡು, ಕೈಯನ್ನು ಬಾಗಿಲಾಚೆ ಕಳಿಸಿ, ಆಮೇಲೆ ಅದರ ಹೆಸರಲ್ಲೇ ವ್ಯಾಪಾರ. ನಾಚಿಕೆ ಆಗಬೇಕು. ಆಗುವುದಿಲ್ಲ. ವಿಡಿಯೋಗೆ ಲೈಕ್ ಬೇರೆ ಬಂದಿದೆ.

ಜಾಗ ಇಲ್ಲ ಅಂತ ಮಾತ್ರ ಹೇಳಬೇಡಿ. ಟೈಲಿನ ಹಿಂದೆ ಬೇಕಾದಷ್ಟು ಜಾಗ ಇದೆ. ಕಾರ್ಖಾನೆಯ ಹೆಸರು ಹಾಕುತ್ತೀರಿ, ದೇಶದ ಹೆಸರು ಹಾಕುತ್ತೀರಿ. ಪಕ್ಕದಲ್ಲಿ ಬರೆದವರದ್ದೂ ಒಂದು ಹಾಕಿ. ಹೇಗೂ ಅದರ ಮೇಲೆ ಅಂಟು ಮೆತ್ತುತ್ತಾರೆ. ಯಾರಿಗೂ ಕಾಣುವುದಿಲ್ಲ, ಅಂದವೂ ಕೆಡುವುದಿಲ್ಲ.