ಓದುವುದೊಂದು ಬಿಟ್ಟು ಎಲ್ಲ ಮಾಡುವ ಹುದ್ದೆ

ಶಿರಸಿ ಸುತ್ತಮುತ್ತ ಹೊಸ ಉದ್ಯೋಗವೊಂದು ಶುರುವಾಗಿದೆ. ಒಪ್ಪಿಗೆ ಕೊಡುವ ಉದ್ಯೋಗ. 2020ರಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬೆಂಗಳೂರಿನಿಂದ ಬಂದ ಮಕ್ಕಳಲ್ಲಿ ಕೆಲವರು ವಾಪಸ್ ಹೋಗಲೇ ಇಲ್ಲ, ಮೆತ್ತಿಯ (ಮಹಡಿಯ) ಮೇಲೆ ಕೂತು ಕೋಡ್ ಬರೆಯುತ್ತಿದ್ದರು. ಈಗ ಬರೆಯುವುದು ಎಐ. ಇವರು ಅದನ್ನು ನೋಡಿ ‘ಅಪ್ರೂವ್’ ಒತ್ತಬೇಕು. ನೋಡುವುದು ಅವರವರ ಇಷ್ಟ, ಒತ್ತುವುದು ಕಡ್ಡಾಯ.

ಒಂದು ಸಲಕ್ಕೆ 200ರಿಂದ 400 ಸಾಲು ನೋಡಬಹುದು, ಜಾಸ್ತಿಯಾದರೆ ತಪ್ಪು ಕಣ್ಣಿಗೆ ಬೀಳುವುದೇ ಕಡಿಮೆ ಎಂದು ಸಿಸ್ಕೋ ಕಂಪನಿಯ ತಂಡವೊಂದರ ಮೇಲೆ ನಡೆದ ಅಧ್ಯಯನ ಹಿಂದೆಯೇ ಹೇಳಿತ್ತು. ಪಾಪ, ಆಗ ಬರೆಯುವವರೂ ಮನುಷ್ಯರೇ ಅಲ್ವಾ. ಎಐ ಸಾಹೇಬರು ಚಹಾ ಕುದಿಯುವಷ್ಟರಲ್ಲಿ ಸಾವಿರಾರು ಸಾಲು ಒಗೆಯುತ್ತಾರೆ. ಅದಕ್ಕೆ ಎರಡು ನಿಮಿಷದಲ್ಲಿ ‘ಚೆನ್ನಾಗಿದೆ’ ಎಂದು ಬೀಳುತ್ತದೆ. ಅದೇ ತಂಡದ ಹುಡುಗಿ ಕೈಯಾರೆ ಹತ್ತು ಸಾಲು ಬರೆದು ಕಳಿಸಿದರೆ ಅರ್ಧ ದಿನ ಜಗಳ, ಹೆಸರು ಸರಿಯಿಲ್ಲ, ಇಲ್ಲೊಂದು ಖಾಲಿ ಜಾಗ ಜಾಸ್ತಿ.

ಕುಮಟಾ ಬಸ್ಸಿನಲ್ಲಿ ದೇವಿಮನೆ ಘಾಟಿ ಇಳಿಯುವಾಗ ಗಮನಿಸಿ. ನೆಟ್‌ವರ್ಕ್ ಇಲ್ಲದ ಕಡೆಯೆಲ್ಲ ಸುಮ್ನೆ ತೂಕಡಿಸುವವರು ಸಿಗ್ನಲ್ ಬರುವ ತಿರುವಿನಲ್ಲಿ ತಟ್ಟನೆ ಎದ್ದು ನಾಲ್ಕೈದು ಅಪ್ರೂವ್ ಒತ್ತಿಬಿಡುತ್ತಾರೆ. ಮುಂದಿನ ತಿರುವಿನಲ್ಲಿ ಮತ್ತೆ ನಿದ್ದೆ. ಇಷ್ಟರಲ್ಲಿ ಯಾರದೋ ಸಾಲದ ಆ್ಯಪ್ ಬದಲಾಗಿರುತ್ತದೆ.

ಓದದಿದ್ದರೆ ಏನಾಯಿತು, ಕೋಡ್ ಸರಿಯಿದೆಯೇ ಎಂದು ನೋಡುವ ಟೆಸ್ಟ್ ಪಾಸಾಗಿ ಹಸಿರಾಗಿದೆಯಲ್ಲ ಎನ್ನುತ್ತಾರೆ. ಹಸಿರಾಗದೆ ಏನು ಮಾಡೀತು? ಕೋಡ್ ಬರೆದದ್ದು ಎಐ, ಟೆಸ್ಟ್ ಬರೆದದ್ದು ಅದೇ ಎಐ, ಏನು ಬದಲಾಯಿತು ಎಂಬ ವಿವರಣೆಯೂ ಅದರದ್ದೇ. ಟೆಸ್ಟ್ ಫೇಲಾದರೆ ಕೆಲವೊಮ್ಮೆ ಕೋಡ್ ಬಿಟ್ಟು ಟೆಸ್ಟನ್ನೇ ತಿದ್ದಿಬಿಡುತ್ತದೆ, ಅಷ್ಟು ಬುದ್ಧಿವಂತ. ಇನ್ನು ಕೆಲವೊಮ್ಮೆ ಇಲ್ಲವೇ ಇಲ್ಲದ ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ) ಹೆಸರು ಹಾಕುತ್ತದೆ, ಕಳ್ಳರು ಆ ಹೆಸರಿನಲ್ಲೇ ವಿಷ ತುಂಬಿದ ಲೈಬ್ರರಿ ಮಾಡಿಟ್ಟು ಕಾಯುವ ದಾರಿಯೂ ಇದೆ. ಕಂಪನಿಗಳು ಇದಕ್ಕೆಲ್ಲ ಘನವಾದ ಉಪಾಯ ಕಂಡುಹಿಡಿದಿವೆ: ಒಬ್ಬರಲ್ಲ, ಇಬ್ಬರು ಅಪ್ರೂವ್ ಮಾಡಬೇಕು. ಎರಡನೆಯವನು ನೋಡುತ್ತಾನೆ ಎಂದು ಮೊದಲನೆಯವನು ಓದುವುದಿಲ್ಲ, ಮೊದಲನೆಯವನು ನೋಡಿದ್ದಾನೆ ಎಂದು ಎರಡನೆಯವನು ಓದುವುದಿಲ್ಲ. ಹೀಗೆ ಭದ್ರತೆ ದುಪ್ಪಟ್ಟಾಯಿತು.

ಹಾಗಾದರೆ ಮನುಷ್ಯ ಯಾಕೆ ಬೇಕು? ಬೇಕು. 2025ರ ಜುಲೈಯಲ್ಲಿ ಅಮೆರಿಕದಲ್ಲಿ ರೆಪ್ಲಿಟ್ ಕಂಪನಿಯ, ತಾನೇ ಕೋಡ್ ಬರೆದು ಓಡಿಸುವ ಎಐ ಏಜೆಂಟ್, ಒಪ್ಪಿಗೆಯಿಲ್ಲದೆ ಏನನ್ನೂ ಬದಲಿಸಬೇಡ ಎಂದು ಹೇಳಿದ್ದರೂ ಚಾಲೂ ಇದ್ದ ಡೇಟಾಬೇಸನ್ನೇ ಅಳಿಸಿತು. ವಾಪಸ್ ತರಲು ಆಗುವುದಿಲ್ಲ ಎಂದೂ ಹೇಳಿತು, ಆಮೇಲೆ ನೋಡಿದರೆ ತರಬಹುದಿತ್ತು. ತಪ್ಪಾಯಿತು ಎಂದು ಚೆಂದವಾಗಿ ಒಪ್ಪಿಕೊಂಡಿತು ಕೂಡ. ಆದರೆ ಅದಕ್ಕೆ ಸಂಬಳ ಕಡಿಯಲು ಸಂಬಳವಿಲ್ಲ, ನೋಟಿಸ್ ಕೊಡಲು ಮನೆ ವಿಳಾಸವಿಲ್ಲ. ಬೈಸಿಕೊಳ್ಳುವುದಕ್ಕೆ ಪಿಎಫ್ ಖಾತೆ ಇರುವ ಯಾರಾದರೂ ಬೇಕಲ್ಲ, ಆ ಜಾಗಕ್ಕೇ ಮನುಷ್ಯನನ್ನು ಇಟ್ಟುಕೊಂಡಿರುವುದು.

ನನ್ನ ಪರಿಚಯದ ಹುಡುಗನೊಬ್ಬನ ಅಪ್ಪಯ್ಯ ಅಡಿಕೆ ವ್ಯಾಪಾರಿ. ಚೀಲದ ಮೇಲ್ಗಡೆ ಬಿಳಿ ಹೊಳೆಯುವ ಚಾಲಿ ಅಡಿಕೆ ಕಂಡರೆ ಅವರಿಗೆ ಸಂಶಯವೇ ಜಾಸ್ತಿ. ತಳದವರೆಗೆ ಕೈ ಹಾಕಿ ಹಿಡಿ ತುಂಬ ತೆಗೆದು, ಅಡಕತ್ತರಿಯಲ್ಲಿ ಕತ್ತರಿಸಿ, ಒಳಗಿನ ಬಣ್ಣ ನೋಡಿ, ಮೂಸಿ, ಬಾಯಿಗೊಂದು ಹೋಳು ಹಾಕಿಕೊಂಡ ಮೇಲೆಯೇ ದರದ ಮಾತು. ಸ್ವಂತ ಭಾವನ ಚೀಲವಾದರೂ ಅಷ್ಟೇ. ಅವರು ಒಂದು ದಿನ ಮೆತ್ತಿ ಹತ್ತಿ ಬಂದು ಮಗನ ಹಿಂದೆ ನಿಂತರು.

“ಇದ್ನೆಲ್ಲ ಓದಿದ್ಯನ ತಮಾ?”

“ಓದಲೆ ಟೈಮ್ ಎಲ್ಲಿದ್ದು ಅಪ್ಪಯ್ಯ?”

“ತಪ್ಪಾದ್ರೆ ಯಾರ ತಲೆಗೆ ಬತ್ತು?”

“ಯನ್ನ ತಲೆಗೆ.”

ಅಪ್ಪಯ್ಯ ಲೆಕ್ಕದ ಮನುಷ್ಯ, ಸ್ವಲ್ಪ ಹೊತ್ತು ಯೋಚಿಸಿದರು. “ಹಂಗಾರೆ ನೀ ಜಾಮೀನಿಗೆ ನಿಂತಂಗಾತು. ಈ ಸಂಬಳ ಸಾಲ್ತಿಲ್ಲೆ.”

ಮಾತು ಮಗನಿಗೆ ಸರಿ ಎನಿಸಿತು. ಅಪ್ರೈಸಲ್ ಫಾರ್ಮಿನಲ್ಲಿ ಅದನ್ನೇ ಬರೆಯೋಣ, ಇಂಗ್ಲಿಷ್ ಗಟ್ಟಿ ಇರಲಿ ಎಂದು ಎಐ ಹತ್ತಿರ ಎರಡು ಪುಟ ಬರೆಸಿದ. ಓದಲಿಲ್ಲ, ಕಳಿಸಿದ.