ಅನಗತ್ಯ ಒತ್ತಡ ನಿವಾರಣಾ ಆಯೋಗ

ಪೊಲೀಸರ ಮೇಲೆ ಸರ್ಕಾರ ಒತ್ತಡ ಹಾಕದಂತೆ ಕಾಯಲು ನಮ್ಮ ರಾಜ್ಯಗಳಲ್ಲಿ ಒಂದು ಆಯೋಗವಿದೆ. ರಾಜ್ಯ ಭದ್ರತಾ ಆಯೋಗ ಅಂತ ಹೆಸರು. ಅಧ್ಯಕ್ಷರು ಯಾರು ಅಂತೀರಾ? ಮುಖ್ಯಮಂತ್ರಿಗಳು. ಕೆಲವೆಡೆ ಗೃಹ ಸಚಿವರು. ನಗಬೇಡಿ, ಇದರಲ್ಲೂ ಒಂದು ಅನುಕೂಲವಿದೆ. ಒತ್ತಡ ಹಾಕಿದವರನ್ನು ಹುಡುಕಿಕೊಂಡು ಆಯೋಗ ಊರೆಲ್ಲ ಅಲೆಯಬೇಕಿಲ್ಲ. ಮೇಜಿನ ಆ ತುದಿಯ ದೊಡ್ಡ ಕುರ್ಚಿಯತ್ತ ನೋಡಿದರಾಯಿತು.

ಕಾರ್ಯದರ್ಶಿ ಪೊಲೀಸ್ ಮಹಾನಿರ್ದೇಶಕರು. ಪೊಲೀಸರ ಕೆಲಸ ಹೇಗಿದೆ ಎಂದು ಅಳೆಯುವುದೂ ಇದೇ ಆಯೋಗದ ಕರ್ತವ್ಯ. ಪರೀಕ್ಷೆ ಬರೆದವರೇ ಅಂಕಪಟ್ಟಿಯನ್ನೂ ಟೈಪು ಮಾಡಿದರೆ ಫೇಲಾಗುವವರು ಯಾರು?

ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ 1996ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದ ಶುರುವಾದ ಕಥೆ ಇದು. ಹತ್ತು ವರ್ಷ ಕಳೆದ ಮೇಲೆ, 2006ರ ಸೆಪ್ಟೆಂಬರ್ 22ರಂದು, ಕೋರ್ಟು ಏಳು ನಿರ್ದೇಶನ ಕೊಟ್ಟಿತು. ಮೊದಲನೆಯದೇ ಈ ಆಯೋಗ. ವರ್ಷಾಂತ್ಯದೊಳಗೆ ಜಾರಿ ಮಾಡಿ ಎಂದಿತು. ಯಾವ ವರ್ಷದ ಅಂತ್ಯ ಎಂದು ರಾಜ್ಯಗಳು ಇನ್ನೂ ಯೋಚಿಸುತ್ತಿರಬೇಕು. ಜಾರಿಯಾಯಿತೇ ಎಂದು ನೋಡಲು 2008ರಲ್ಲಿ ನ್ಯಾಯಮೂರ್ತಿ ಕೆ.ಟಿ. ಥಾಮಸ್ ಅವರದೊಂದು ಸಮಿತಿ ಬಂತು, ರಾಜ್ಯಗಳ ಉದಾಸೀನ ಕಂಡು ಬೇಸರಪಟ್ಟುಕೊಂಡು 2010ರಲ್ಲಿ ವರದಿ ಕೊಟ್ಟಿತು.

ನಿಜವಾದ ಸೊಗಸಿರುವುದು ಒಂದು ಪದದಲ್ಲಿ. ಕೋರ್ಟು ಬೇಡ ಎಂದದ್ದು 'ಅನಗತ್ಯ' ಒತ್ತಡ. ಅಷ್ಟು ಸಂದು ಸಿಕ್ಕರೆ ನಮ್ಮವರಿಗೆ ಸಾಲದೇ? 'ನಮ್ಮ ಹುಡುಗ, ಸ್ವಲ್ಪ ನೋಡ್ಕೊಳ್ಳಿ' ಎಂದು ಇನ್ಸ್‌ಪೆಕ್ಟರಿಗೆ ಮೇಲಿನಿಂದ ಫೋನು ಬಂದರೆ ಅದು ಅಗತ್ಯ. ಠಾಣೆಯ ಪೋಸ್ಟಿಂಗಿಗೆ ಶಾಸಕರ ಮಿನಿಟ್ ಲೆಟರ್, ಅದಂತೂ ತೀರಾ ಅಗತ್ಯ. ಬಡಪಾಯಿಯೊಬ್ಬ 'ಎಫ್‌ಐಆರ್ ಬರ್ಕೊಳ್ಳಿ ಸಾರ್' ಎಂದು ಎರಡನೇ ಸಲ ಕೇಳಿದನೋ, ಅದೇ ನೋಡಿ ಅನಗತ್ಯ ಒತ್ತಡ.

ಆಯೋಗದ ಶಿಫಾರಸು ಸರ್ಕಾರಕ್ಕೆ ಕಡ್ಡಾಯ ಎಂದಿತ್ತು ಕೋರ್ಟು. ಹಲವು ರಾಜ್ಯಗಳ ಕಾನೂನಿಗೆ ಬರುವಷ್ಟರಲ್ಲಿ ಅದು ಸವೆದು ಸಲಹೆಯಾಯಿತು. ವಿರೋಧ ಪಕ್ಷದ ನಾಯಕರಿಗೂ ಒಂದು ಕುರ್ಚಿಯಿರಲಿ ಎಂದಿತ್ತು; ಅದನ್ನು ಹಾಕಲು ಕೆಲವೆಡೆ ಜಾಗ ಸಾಲಲಿಲ್ಲ. ವರದಿ ಸದನದ ಮುಂದೆ ಬರಬೇಕು ಎಂದಿತ್ತು. ಬರುತ್ತದೆ, ಮೊದಲು ಸಭೆ ಸೇರಲಿ.

ಸೇರಿದ ದಿನ ಅಧ್ಯಕ್ಷರು ಕಾರ್ಯದರ್ಶಿಯತ್ತ ತಿರುಗಿ ಕೇಳುತ್ತಾರೆ: "ನಿಮ್ಮ ಮೇಲೆ ನಾನು ಯಾವತ್ತಾದ್ರೂ ಒತ್ತಡ ಹಾಕಿದ್ದೀನೇನ್ರೀ?"

"ಏನಂತ ಹೇಳಬೇಕು ಅಂತ ಅಪ್ಪಣೆಯಾದರೆ ಹಾಗೇ ಬರ್ಕೊಳ್ತೀನಿ, ಸಾರ್."